ಶ್ರುತಿ ತಪ್ಪಿದಾಗ ನಾನು ಮೊದಲು ನೋಡುವುದು ಮಾನಿಟರ್
ವೇದಿಕೆಯಲ್ಲಿ ಹಾಡುವವರ ಶ್ರುತಿ ಜಾರಿದರೆ ಜನ ಗಂಟಲನ್ನು ದೂರುತ್ತಾರೆ. ಮಾನಿಟರ್ ಅಂದರೆ ಹಾಡುವವರಿಗೆ ತಮ್ಮ ದನಿ, ವಾದ್ಯಗಳು ಕೇಳಿಸಲೆಂದು ಇಡುವ ಸ್ಪೀಕರ್. ಅದಕ್ಕೆ ಯಾವ ಸದ್ದು ಎಷ್ಟು ಹೋಗಬೇಕು ಅಂತ ಬೆರೆಸುವ (ಮಿಕ್ಸ್ ಮಾಡುವ) ನಾನು ಮಾತ್ರ, ಅವರ ಕಿವಿಗೆ ಏನು ಬೀಳುತ್ತಿದೆ ಅಂತ ಮೊದಲು ನೋಡುತ್ತೇನೆ.

"ನನ್ನ ದನಿ ಇನ್ನೂ ಜಾಸ್ತಿ ಕೊಡಿ" ಅನ್ನುವುದು ಎಲ್ಲರ ಬೇಡಿಕೆ. ಕೇಳಿದಷ್ಟೂ ಕೊಡುತ್ತಾ ಹೋದರೆ ಮೈಕ್ ಕೂಗಲು ಶುರುವಾಗುತ್ತದೆ, ಅಷ್ಟೆ. ಹಾಗಾಗಿ ದನಿ ಏರಿಸುವ ಮೊದಲು ಡ್ರಮ್ಸ್, ಲೀಡ್ ಗಿಟಾರ್ ಇಳಿಸಿ ನೋಡುತ್ತೇನೆ. ಬಹಳ ಸಲ ಅಷ್ಟರಲ್ಲೇ ಮುಗಿಯುತ್ತದೆ. ಬರೀ ತಮ್ಮ ದನಿ ಕೇಳಿಸಿದರೂ ಪ್ರಯೋಜನವಿಲ್ಲ. ಶ್ರುತಿ ಸೇರಿಸಲು ಒಂದು ಆಧಾರ ಬೇಕಲ್ವಾ?

ಆ ಆಧಾರ ಬೇಸ್ ಗಿಟಾರ್ ಆಗದಿದ್ದರೆ ಒಳ್ಳೆಯದು. ತಗ್ಗಿನ ಸ್ವರಗಳು ವೇದಿಕೆಯಲ್ಲಿ ಗುಂಯ್‌ಗುಟ್ಟಿ ಕಲಸಿಹೋಗುತ್ತವೆ. ಜೊತೆಗೆ, ತಗ್ಗಿನ ಸ್ವರ ತುಂಬಾ ಜೋರಾದರೆ ನಮ್ಮ ಕಿವಿಗೆ ಅದು ಇನ್ನೂ ಸ್ವಲ್ಪ ಕೆಳಗಿದ್ದಂತೆ ಕೇಳಿಸಬಹುದು. ಅದಕ್ಕೇ ನೆಲದ ಮಾನಿಟರ್‌ನಲ್ಲಿ 120 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, ಪಿಯಾನೋ ಕೊಡುತ್ತೇನೆ. ಕೀಬೋರ್ಡ್‌ನಲ್ಲಿ ಕೋರಸ್ ಎಫೆಕ್ಟ್ ಹಾಕಿದ್ದರೆ ತೆಗೆಸುತ್ತೇನೆ. ಆ ಎಫೆಕ್ಟ್ ಕೆಲಸ ಮಾಡುವುದೇ ಸ್ವರವನ್ನು ಅತ್ತಿತ್ತ ಅಲುಗಿಸಿ! ರಿವರ್ಬ್, ಅಂದರೆ ದನಿಗೆ ಸೇರಿಸುವ ಅನುರಣನ, ಹಾಡುವವರಿಗೆ ಧೈರ್ಯ ಬರುವಷ್ಟು ಸಾಕು.

ಇನ್-ಇಯರ್, ಅಂದರೆ ಕಿವಿಯೊಳಗೆ ಕೂರುವ ಪುಟ್ಟ ಮಾನಿಟರ್ ಹಾಕುವವರದು ಬೇರೆಯೇ ಕಥೆ. ಕಿವಿ ಮುಚ್ಚಿದಾಗ ಸ್ವಂತ ದನಿ ಮೂಳೆಯ ಮೂಲಕ ಬಂದು ಒಳಗೆ ದಪ್ಪಗೆ ಮೊಳಗುತ್ತದೆ. ತಾಳಲಾರದೆ ಕೆಲವರು ಒಂದು ಕಿವಿಯದನ್ನು ಕಿತ್ತು, ಇನ್ನೊಂದನ್ನು ಜೋರು ಮಾಡಿಕೊಳ್ಳುತ್ತಾರೆ. ಶ್ರುತಿಗೂ ಕಿವಿಗೂ ಅದು ಕೆಟ್ಟದ್ದು. ವೇದಿಕೆಯ ಅಂಚಿನಲ್ಲಿ ಒಂದು ಮೈಕ್ ಇಟ್ಟು ಸಭಾಂಗಣದ ಸದ್ದನ್ನು ಸ್ವಲ್ಪ ಬೆರೆಸಿದರೆ ಕೀಳುವ ಚಟ ಕಡಿಮೆಯಾಗುತ್ತದೆ.

ಇನ್ನೊಂದು ಸಮಸ್ಯೆ ಬೇಗ ಗೊತ್ತಾಗುವುದಿಲ್ಲ. ಡಿಜಿಟಲ್ ಮಿಕ್ಸರ್ ದಾಟಿ ಬರುವ ದನಿ ಕೆಲವು ಮಿಲಿಸೆಕೆಂಡ್ ತಡವಾಗಿರುತ್ತದೆ. ಮೂಳೆಯಿಂದ ಬಂದ ದನಿಯ ಜೊತೆ ಸೇರಿದಾಗ ಕೆಲವು ಭಾಗಗಳು ಒಂದನ್ನೊಂದು ಹೊಡೆದುಹಾಕಿ, ದನಿ ತೆಳ್ಳಗಾಗುತ್ತದೆ. ಸೌಂಡ್ ಚೆಕ್‌ನಲ್ಲಿ ಮೈಕ್ ಚಾನೆಲ್‌ನ ಪೊಲಾರಿಟಿ ಬಟನ್ (ದನಿಯ ಅಲೆಯನ್ನು ತಲೆಕೆಳಗು ಮಾಡುವಂಥದ್ದು) ಒತ್ತಿ, ತೆಗೆದು, "ಯಾವುದರಲ್ಲಿ ದನಿ ತುಂಬಿ ಕೇಳಿಸುತ್ತೆ?" ಅಂತ ಕೇಳುತ್ತೇನೆ. ಅವರು ಹೇಳಿದ್ದೇ ಸರಿ. ಕಿವಿ ಅವರದು, ತಲೆಬುರುಡೆಯೂ ಅವರದೇ.

ಪಿಚ್ ತಿದ್ದುವ ಸಾಧನ ಬಳಸಿದರೂ ತಿದ್ದಿದ ದನಿಯನ್ನು ಹಾಡುವವರಿಗೆ ಕಳಿಸುವುದಿಲ್ಲ. ತಾವು ಎಲ್ಲಿ ಜಾರಿದೆವು ಅಂತ ಅವರಿಗೆ ತಿಳಿಯಬೇಕು. ಹಾಡಿನ ನಡುವೆ ಶ್ರುತಿ ಇಳಿಯುತ್ತಿದೆ ಅನ್ನಿಸಿದರೆ, ಪಿಯಾನೋವನ್ನು ಒಂದೆರಡು ಡೆಸಿಬೆಲ್ ಮೇಲೆತ್ತಿ ಸುಮ್ನೆ ಕಾಯುತ್ತೇನೆ.