ಫೈನಲ್ ಕಟ್ 7ರಿಂದ ಟೆನ್‌ಗೆ: ಹಳೆ ಪ್ರಾಜೆಕ್ಟ್‌ಗಳನ್ನು ದಾಟಿಸಿದ ಬಗೆ

ಆ್ಯಪಲ್‌ನ ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್ ಫೈನಲ್ ಕಟ್ ಪ್ರೊದ ಹೊಸ ಆವೃತ್ತಿ ಟೆನ್ ಬಂದದ್ದು 2011ರ ಜೂನ್ 21ಕ್ಕೆ. ಬುಡದಿಂದ ಹೊಸದಾಗಿ ಬರೆದ 64 ಬಿಟ್ ಸಾಫ್ಟ್‌ವೇರ್, ಬೆಲೆ 299.99 ಡಾಲರ್. 4 ಜಿಬಿ ಮೆಮೊರಿ ದಾಟಲಾಗದ ಹಿಂದಿನ ಆವೃತ್ತಿ 7ರ ಮುಂದೆ ಇದರ ವೇಗ ಬೇರೆಯೇ. ಆದರೆ 7ರ ಪ್ರಾಜೆಕ್ಟ್ ಇದರಲ್ಲಿ ತೆರೆಯುತ್ತಿರಲಿಲ್ಲ. ಹಲವು ಕ್ಯಾಮೆರಾಗಳ ಫುಟೇಜನ್ನು ಒಟ್ಟಿಗೆ ಕತ್ತರಿಸುವ ಮಲ್ಟಿಕ್ಯಾಮ್ ಇಲ್ಲ, ಎಡಿಟ್‌ನ ವಿವರವನ್ನು ಬೇರೆ ಸಾಫ್ಟ್‌ವೇರ್‌ಗೆ ಒಯ್ಯುವ ಇಡಿಎಲ್ ಇಲ್ಲ, ಎಕ್ಸ್‌ಎಂಎಲ್ ಇಲ್ಲ, ಸೌಂಡ್ ಸ್ಟುಡಿಯೊಗೆ ಕೊಡಲು ಓಎಂಎಫ್ ಎಂಬ ಆಡಿಯೊ ಫೈಲ್ ಕೂಡ ಇಲ್ಲ. ಜೊತೆಗೆ 7 ಸೇರಿದ್ದ ಹಳೆಯ ಫೈನಲ್ ಕಟ್ ಸ್ಟುಡಿಯೊ ಮಾರಾಟವನ್ನೂ ಆ್ಯಪಲ್ ನಿಲ್ಲಿಸಿತು. ನನ್ನ ಮಟ್ಟಿಗೆ ದೊಡ್ಡ ತಪ್ಪು ಇದೇ. ಹೊಸದು ಹದಕ್ಕೆ ಬರುವವರೆಗೆ ಕಾಯಬಹುದು, ಆದರೆ ನಡೆಯುತ್ತಿರುವ ಕೆಲಸಕ್ಕೆ ಇನ್ನೊಂದು ಲೈಸೆನ್ಸ್ ಬೇಕಾದವರು ಎಲ್ಲಿಗೆ ಹೋಗಬೇಕು? ಕೆಲವು ತಿಂಗಳಲ್ಲಿ ಫೋನ್ ಆರ್ಡರ್ ಮೇಲೆ ಅದನ್ನು ಮತ್ತೆ ಕೊಡಬೇಕಾಗಿ ಬಂತು.

ಶುರುವಾದ ಕೆಲಸ ಯಾವುದೇ ಇರಲಿ, ಅದನ್ನು 7ರಲ್ಲೇ ಮುಗಿಸುವುದು ನಾನು ಇಟ್ಟುಕೊಂಡ ನಿಯಮ. ಒಂದೇ ಮ್ಯಾಕ್‌ನಲ್ಲಿ ಎರಡು ಪಾರ್ಟಿಷನ್: ಒಂದರಲ್ಲಿ ಸ್ನೋ ಲೆಪರ್ಡ್ (ಹಳೆಯ ಮ್ಯಾಕ್ ಓಎಸ್) ಮತ್ತು 7, ಇನ್ನೊಂದರಲ್ಲಿ ಟೆನ್. ಆಪ್ಷನ್ ಕೀ ಒತ್ತಿ ಬೂಟ್ ಮಾಡಿದರೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಫುಟೇಜ್ ಮಾತ್ರ ಹೊರಗಿನ ಡ್ರೈವ್‌ನಲ್ಲಿ.

2011ರ ಸೆಪ್ಟೆಂಬರ್‌ನ ಟೆನ್ ಅಪ್‌ಡೇಟ್ 10.0.1ರಲ್ಲಿ ಎಕ್ಸ್‌ಎಂಎಲ್ ಮತ್ತು ರೋಲ್ಸ್ (ಕ್ಲಿಪ್‌ಗಳಿಗೆ ಮಾತು, ಸಂಗೀತ ಎಂದು ಹಚ್ಚುವ ಗುರುತು) ಬಂದವು, 2012ರ ಜನವರಿ 31ರ 10.0.3ರಲ್ಲಿ ಮಲ್ಟಿಕ್ಯಾಮ್. ಅಲ್ಲಿಂದ ಮುಂದೆ ಹೊಸ ಕೆಲಸಗಳನ್ನು ಟೆನ್‌ನಲ್ಲೇ ಹಿಡಿಯಬಹುದಿತ್ತು. ಹಳೆ ಪ್ರಾಜೆಕ್ಟ್ ದಾಟಿಸುವ ಸೇತುವೆಯನ್ನು ಕಟ್ಟಿದ್ದು ಆ್ಯಪಲ್ ಅಲ್ಲ, ಇಂಟೆಲಿಜೆಂಟ್ ಅಸಿಸ್ಟೆನ್ಸ್ ಎಂಬ ಸಣ್ಣ ಕಂಪನಿ. ಅವರ ಸೆವೆನ್‌ಟುಎಕ್ಸ್, 7ರ ಎಕ್ಸ್‌ಎಂಎಲ್ ಓದಿ ಟೆನ್‌ಗೆ ಬೇಕಾದ ರೂಪಕ್ಕೆ ತರುತ್ತಿತ್ತು.

ದಾಟಿಸುವ ಮೊದಲು ಸೀಕ್ವೆನ್ಸ್‌ನ (ಟೈಮ್‌ಲೈನ್ ಮೇಲೆ ಜೋಡಿಸಿದ ಎಡಿಟ್) ನಕಲು ಮಾಡಿಕೊಂಡು, ಅದರಲ್ಲಿ ಆಫ್ ಮಾಡಿಟ್ಟ ಕ್ಲಿಪ್‌ಗಳನ್ನು ತೆಗೆದುಹಾಕುತ್ತೇನೆ. ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದು) ನೋಡುವುದು ಕಡ್ಡಾಯ. ಎಷ್ಟೋ ಡಿಎಸ್‌ಎಲ್‌ಆರ್‌ಗಳು '24' ಎಂದು ತೋರಿಸುವುದು ನಿಜಕ್ಕೆ 23.976. ಅದನ್ನು 24 ಎಂದೇ ಓದಿಸಿದರೆ ಒಂದು ಗಂಟೆಗೆ 3.6 ಸೆಕೆಂಡ್ ವ್ಯತ್ಯಾಸ ಬೀಳುತ್ತದೆ, ತುಟಿಗೂ ಮಾತಿಗೂ ತಾಳೆಯಾಗುವುದಿಲ್ಲ. 7ಕ್ಕೆಂದು ಬರೆದ ಎಫ್‌ಎಕ್ಸ್‌ಸ್ಕ್ರಿಪ್ಟ್ ಫಿಲ್ಟರ್‌ಗಳು ಟೆನ್‌ನಲ್ಲಿ ನಡೆಯುವುದಿಲ್ಲವಾದ್ದರಿಂದ ಆ ಶಾಟ್‌ಗಳನ್ನು 7ರಲ್ಲೇ ರೆಂಡರ್ ಮಾಡಿ ಪ್ರೋರೆಸ್ (ಆ್ಯಪಲ್‌ನ ವಿಡಿಯೊ ಫಾರ್ಮ್ಯಾಟ್) ಫೈಲ್ ಆಗಿ ಇಡುತ್ತೇನೆ.

ಕನ್ನಡ ಟೈಟಲ್‌ಗಳಿಗೆ ಹೆಚ್ಚು ಜೋಪಾನ ಬೇಕು. ಯುನಿಕೋಡ್ ಅಲ್ಲದ ಹಳೆ ಫಾಂಟ್‌ನಲ್ಲಿ ಟೈಪ್ ಮಾಡಿದ ಹೆಸರುಗಳು ಒಳಗೆ ಬರೀ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ. ಆಚೆ ಬದಿಯಲ್ಲಿ ಫಾಂಟ್ ಕೂಡಿಕೊಳ್ಳದಿದ್ದರೆ ನಿರ್ದೇಶಕರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳ ಸಾಲು ಕಾಣುತ್ತದೆ. ಅದಕ್ಕೇ ಎಲ್ಲ ಟೈಟಲ್‌ಗಳನ್ನೂ ಆಲ್ಫಾ (ಹಿನ್ನೆಲೆಯ ಪಾರದರ್ಶಕತೆ) ಸಮೇತ ಪ್ರೋರೆಸ್ 4444ಗೆ ತೆಗೆದುಕೊಳ್ಳುತ್ತೇನೆ.

ಕೊನೆಗೆ, ಟೈಮ್‌ಕೋಡ್ (ಫ್ರೇಮ್‌ವರೆಗಿನ ಸಮಯದ ಎಣಿಕೆ) ಚಿತ್ರದ ಮೇಲೇ ಅಚ್ಚಾಗಿರುವ ಇಡೀ ಸೀಕ್ವೆನ್ಸ್‌ನ ಒಂದು ಪ್ರೋರೆಸ್ ಪ್ರತಿ. ಟೆನ್‌ನಲ್ಲಿ ಅದನ್ನು ಹೊಸ ಟೈಮ್‌ಲೈನ್ ಮೇಲೆ ಜೋಡಿಸಿ, ಅಪಾರದರ್ಶಕತೆ ಅರ್ಧಕ್ಕಿಳಿಸಿ, ಕಟ್‌ನಿಂದ ಕಟ್‌ಗೆ ಹೋಗುತ್ತೇನೆ. ಒಂದು ಫ್ರೇಮ್ ಜಾರಿದ್ದರೂ ಚಿತ್ರ ಎರಡಾಗಿ ಕಾಣುತ್ತದೆ. ವೇಗ ಏರಿಳಿಸಿದ ಶಾಟ್‌ಗಳನ್ನು ಮೊದಲು ನೋಡಬೇಕು. ಟೆನ್‌ನಲ್ಲಿ ಆಡಿಯೊ ಟ್ರ್ಯಾಕ್‌ಗಳಿಲ್ಲದ್ದರಿಂದ ಮಾತು, ಸಂಗೀತ, ಎಫೆಕ್ಟ್ಸ್‌ಗೆ ಆಗಲೇ ರೋಲ್ ಹಚ್ಚಿದರೆ ಮಿಕ್ಸಿಂಗ್‌ಗೆ ಬೇರೆಬೇರೆಯಾಗಿ ಕೊಡಬಹುದು.

2017ರ ಮ್ಯಾಕ್ ಓಎಸ್ ಹೈ ಸಿಯೆರಾದಿಂದ ಈಚೆಗೆ 7 ತೆರೆಯುವುದೇ ಇಲ್ಲ. ಹಳೆ ಮ್ಯಾಕ್ ಇನ್ನೂ ಬೂಟ್ ಆಗುತ್ತಿದ್ದರೆ ಪ್ರತಿ ಪ್ರಾಜೆಕ್ಟ್‌ನ ಎಕ್ಸ್‌ಎಂಎಲ್ ಈಗಲೇ ತೆಗೆದು ಫುಟೇಜ್ ಫೋಲ್ಡರ್‌ನಲ್ಲೇ ಇಡಿ. ಅದನ್ನು ಪ್ರೀಮಿಯರ್, ಡಾವಿಂಚಿ ರಿಸಾಲ್ವ್ ಎಂಬ ಬೇರೆ ಎಡಿಟಿಂಗ್ ಸಾಫ್ಟ್‌ವೇರ್‌ಗಳು ಕೂಡ ಓದುತ್ತವೆ.