ಘಾಟಿ ಇಳಿಯುವ ಮೊದಲು ಲಾರಿಯ ಏರ್ ಬ್ರೇಕ್ ನೋಡಿಕೊಳ್ಳುವುದು ಹೇಗೆ?

ಸಕಲೇಶಪುರದ ಕಡೆ ಲಾರಿಗಳ ಬ್ರೇಕ್ ಕೆಲಸ ಮಾಡುವವನು ನಾನು. ಶಿರಾಡಿ ಇಳಿದು ಮಂಗಳೂರಿಗೆ ಹೋಗುವ ಲೋಡ್ ಗಾಡಿಗಳೇ ಜಾಸ್ತಿ ಬರುತ್ತವೆ. ಹೊಸ ಡ್ರೈವರ್‌ಗಳು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: "ಅಣ್ಣ, ಮೀಟರಲ್ಲಿ ಗಾಳಿ ಫುಲ್ ಇದೆ, ಆದ್ರೂ ಬ್ರೇಕ್ ಹಿಡೀತಿಲ್ಲ, ಯಾಕೆ?"

ಮೀಟರ್ ಹೇಳುವುದು ಟ್ಯಾಂಕಿನ ಗಾಳಿಯ ಲೆಕ್ಕ ಮಾತ್ರ. ಲೈನರ್ (ಉಜ್ಜಿ ಹಿಡಿಯುವ ಪಟ್ಟಿ) ಗಾಲಿಯ ಜೊತೆ ತಿರುಗುವ ಡ್ರಮ್ಮನ್ನು ಎಷ್ಟು ಬಿಗಿಯಾಗಿ ಒತ್ತುತ್ತಿದೆ ಅನ್ನೋದು ಅದಕ್ಕೆ ಗೊತ್ತಾಗುವುದಿಲ್ಲ.

ಎಂಜಿನ್ ಜೊತೆ ತಿರುಗುವ ಕಂಪ್ರೆಸರ್ ಗಾಳಿಯನ್ನು ಟ್ಯಾಂಕುಗಳಿಗೆ ತುಂಬುತ್ತದೆ. ಒತ್ತಡ ಸುಮಾರು 8 ಬಾರ್ ಆದಾಗ ಅದನ್ನು ನೋಡಿಕೊಳ್ಳುವ ಗವರ್ನರ್ ಸಾಕು ಅನ್ನುತ್ತದೆ, ಡ್ರೈಯರ್ 'ಪುಸ್' ಎಂದು ನೀರಿನಂಶ ಉಗುಳುತ್ತದೆ. ಪೆಡಲ್ ತುಳಿದರೆ ಟ್ಯಾಂಕಿನ ಗಾಳಿ ಗಾಲಿಗಳ ಹತ್ತಿರದ ಬೂಸ್ಟರ್‌ಗಳಿಗೆ ಹೋಗುತ್ತದೆ. ಒಳಗಿನ ರಬ್ಬರ್ ಡಯಾಫ್ರಾಮ್ ಒಂದು ರಾಡನ್ನು ತಳ್ಳುತ್ತದೆ. ರಾಡು ಸ್ಲಾಕ್ ಅಡ್ಜಸ್ಟರನ್ನು (ಲೈನರಿನ ಸಡಿಲ ಸರಿಮಾಡುವ ತೋಳು) ತಿರುಗಿಸುತ್ತದೆ, ಅದರ ಜೊತೆ ಕ್ಯಾಮ್ ತಿರುಗಿ ಲೈನರನ್ನು ಡ್ರಮ್ಮಿಗೆ ಒತ್ತುತ್ತದೆ.

ಹ್ಯಾಂಡ್ ಬ್ರೇಕ್ ಮಾತ್ರ ಇದಕ್ಕೆ ತದ್ವಿರುದ್ಧ. ಹಿಂದಿನ ಬೂಸ್ಟರ್‌ಗೆ ಅಂಟಿಕೊಂಡ ಇನ್ನೊಂದು ಡಬ್ಬದೊಳಗೆ ದೊಡ್ಡ ಸ್ಪ್ರಿಂಗ್ ಇದೆ. ಗಾಳಿ ಇರುವವರೆಗೂ ಅದು ಮಡಚಿಕೊಂಡಿರುತ್ತದೆ. ಗಾಳಿ ಹೋದರೆ ಬಿಚ್ಚಿಕೊಂಡು ಗಾಲಿಯನ್ನು ಕಚ್ಚುತ್ತದೆ. ಅಂದರೆ ಕಾಲಿನ ಬ್ರೇಕ್ ಹಿಡಿಯಲು ಗಾಳಿ ಬೇಕು, ಹ್ಯಾಂಡ್ ಬ್ರೇಕ್ ಬಿಡಲು ಗಾಳಿ ಬೇಕು. ಗಾಳಿ ಪೂರ್ತಿ ಸೋರಿದ ಗಾಡಿ ಓಡಿಹೋಗುವುದಿಲ್ಲ, ನಿಂತಲ್ಲೇ ಜಾಮ್ ಆಗುತ್ತದೆ. ಜಾಮ್ ಆದಾಗ ಹಿಂದಿನ ಬೋಲ್ಟ್‌ನಿಂದ ಸ್ಪ್ರಿಂಗ್ ಎಳೆದು ಕಟ್ಟಿ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತರಬಹುದು, ಅಷ್ಟೇ. ಹಾಗೇ ಲೋಡ್ ಮುಟ್ಟಿಸಲು ಹೊರಟರೆ ಹ್ಯಾಂಡ್ ಬ್ರೇಕೂ ಇಲ್ಲ, ಆಪತ್ತಿಗೆ ಬ್ರೇಕೂ ಇಲ್ಲ. ಆ ಡಬ್ಬದ ಪಟ್ಟಿಯನ್ನಂತೂ ರಸ್ತೆಯಲ್ಲಿ ಯಾರೂ ಬಿಚ್ಚಬೇಡಿ. ಸ್ಪ್ರಿಂಗ್ ಸಿಡಿದರೆ ಜೀವ ಹೋಗುತ್ತದೆ.

ಈಗ ನೋಡುವ ಕೆಲಸ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ. ಗಾಲಿಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಡಿ. ಗಾಳಿ ಪೂರ್ತಿ ತುಂಬಿಸಿ, ಎಂಜಿನ್ ಆಫ್ ಮಾಡಿ. ಹಾಡೂ ಆಫ್ ಮಾಡಿ. ಸೋರಿಕೆ ಹಿಡಿಯುವುದು ಮೊದಲು ಕಿವಿಯಿಂದ. ಏನೂ ತುಳಿಯದೆಯೇ 'ಸುಂಯ್' ಅಂದರೆ ಟ್ಯಾಂಕ್, ಪೈಪು, ವಾಲ್ವ್‌ಗಳ ಕಡೆ ನೋಡಿ. ಹ್ಯಾಂಡ್ ಬ್ರೇಕ್ ಬಿಟ್ಟಾಗ ಮಾತ್ರ ಸದ್ದು ಬಂದರೆ ಸ್ಪ್ರಿಂಗ್ ಡಬ್ಬ ಅಥವಾ ಅದರ ಪೈಪಿನ ಮೇಲೆ ಅನುಮಾನ. ಪೆಡಲ್ ತುಳಿದಾಗ ಮಾತ್ರ ಬಂದರೆ ಯಾವುದೋ ಬೂಸ್ಟರಿನ ಡಯಾಫ್ರಾಮ್ ಹರಿದಿರಬಹುದು. ಕ್ಲೀನರ್ ಕೆಳಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುವ ಜಾಗ ಸಿಗುತ್ತದೆ.

ಆಮೇಲೆ ಹ್ಯಾಂಡ್ ಬ್ರೇಕ್ ಬಿಟ್ಟು, ಪೆಡಲ್ ಗಟ್ಟಿಯಾಗಿ ತುಳಿದು ಹಿಡಿದುಕೊಳ್ಳಿ. ಮುಳ್ಳು ಮೊದಲು ಸ್ವಲ್ಪ ಇಳಿದು ನಿಲ್ಲಬೇಕು. ನಂತರದ ಒಂದು ನಿಮಿಷದಲ್ಲಿ 0.2 ಬಾರ್‌ಗಿಂತ ಜಾಸ್ತಿ ಇಳಿದರೆ ನಾನು ಆ ಗಾಡಿಯನ್ನು ಘಾಟಿಗೆ ಬಿಡುವುದಿಲ್ಲ. ಕೀ ಆನ್ ಮಾಡಿ ಪೆಡಲನ್ನು ತುಳಿದು ಬಿಟ್ಟು ಮಾಡಿ ಗಾಳಿ ಇಳಿಸಿ. ಸಾಮಾನ್ಯವಾಗಿ 4ರಿಂದ 5 ಬಾರ್ ನಡುವೆ, ಗಾಳಿ ಕಮ್ಮಿ ಎಂದು ಎಚ್ಚರಿಸುವ ಬಜರ್ ಕೂಗಬೇಕು. ಕಿರಿಕಿರಿ ಅಂತ ಅದರ ವೈರ್ ಕಿತ್ತಿಟ್ಟವರೂ ಇದ್ದಾರೆ!

ಟ್ಯಾಂಕಿನ ಕೆಳಗಿನ ರಿಂಗ್ ಎಳೆದು ನೀರು ಬಿಡಿ, ಮಳೆಗಾಲದಲ್ಲಿ ದಿನಾ. ನೀರಿನ ಜೊತೆ ಎಣ್ಣೆ ಬಂದರೆ ಕಂಪ್ರೆಸರ್ ಮತ್ತು ಡ್ರೈಯರ್ ತೋರಿಸಿ.

ಇನ್ನು ಸ್ಲಾಕ್ ಅಡ್ಜಸ್ಟರ್, ನಾವು ಸ್ಲಾಕ್ ಅನ್ನುವುದು. ನನ್ನ ಪ್ರಕಾರ ಘಾಟಿಯಲ್ಲಿ ಕೈಕೊಡುವುದು ಗಾಳಿಗಿಂತ ಹೆಚ್ಚಾಗಿ ಇದೇ. ಬಿಸಿಯಾದ ಡ್ರಮ್ ಹಿಗ್ಗಿ ಲೈನರಿನಿಂದ ದೂರ ಹೋಗುತ್ತದೆ, ರಾಡು ಇನ್ನೂ ಉದ್ದ ಬರಬೇಕಾಗುತ್ತದೆ. ಸ್ಲಾಕ್ ಮೊದಲೇ ಸಡಿಲ ಇದ್ದರೆ ರಾಡು ಬೂಸ್ಟರಿನ ಕೊನೆ ಮುಟ್ಟಿ ನಿಲ್ಲುತ್ತದೆ. ಟ್ಯಾಂಕಿನಲ್ಲಿ 8 ಬಾರ್ ಇದ್ದರೂ ಡ್ರಮ್ಮಿಗೆ ಒತ್ತಡ ಹೋಗುವುದಿಲ್ಲ. ಆ ಡ್ರೈವರ್‌ಗಳ ಪ್ರಶ್ನೆಗೆ ಬಹಳಷ್ಟು ಸಲ ಸಿಗುವ ಉತ್ತರ ಇದು. ಒಬ್ಬರು ಪೆಡಲ್ ತುಳಿಯಲಿ, ಇನ್ನೊಬ್ಬರು ಪ್ರತಿ ಗಾಲಿಯ ರಾಡು ಎಷ್ಟು ಹೊರಗೆ ಬರುತ್ತದೆ ನೋಡಲಿ. ಒಂದೇ ಆಕ್ಸಲ್‌ನ ಎಡ ಬಲ ಒಂದೇ ಅಳತೆ ಇರಬೇಕು. ಕೈಯಿಂದ ಟೈಟ್ ಮಾಡುವ ಸ್ಲಾಕ್ ಆದರೆ ಲೈನರ್ ಡ್ರಮ್ಮಿಗೆ ತಾಗುವವರೆಗೆ ತಿರುಗಿಸಿ, ಗಾಲಿ ಸಲೀಸಾಗಿ ತಿರುಗುವಷ್ಟು ಹಿಂದಕ್ಕೆ ಬಿಡಬೇಕು. ಆಟೋ ಸ್ಲಾಕ್ ಪದೇಪದೇ ಸಡಿಲ ಆಗುತ್ತಿದ್ದರೆ ಸುಮ್ನೆ ಸ್ಪ್ಯಾನರ್ ಹಾಕಬೇಡಿ. ಸ್ಲಾಕ್ ಕೆಟ್ಟಿರಬಹುದು, ಕ್ಯಾಮ್ ಬುಷ್ ಸವೆದಿರಬಹುದು, ಅದನ್ನು ಹುಡುಕಿಸಿ.

ಇಳಿಯುವಾಗ ಗೇರ್ ಆರಿಸುವುದು ಇಳಿಜಾರು ಶುರುವಾಗುವ ಮೊದಲು. ಎಕ್ಸಾಸ್ಟ್ ಬ್ರೇಕ್ (ಎಂಜಿನ್ ಹೊಗೆ ತಡೆದು ವೇಗ ಇಳಿಸುವುದು) ಹಾಕಿ, ಸಣ್ಣ ಗೇರಿನಲ್ಲಿ ಎಂಜಿನ್ನೇ ಗಾಡಿ ಹಿಡಿಯಲಿ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಘಾಟಿ ಇಳಿಯಬೇಕು ಅಂದುಕೊಂಡಿದ್ದರೆ, 25 ಮುಟ್ಟಿದಾಗ ಗಟ್ಟಿಯಾಗಿ ತುಳಿದು 17ರ ಹತ್ತಿರ ತಂದು ಪೂರ್ತಿ ಬಿಡಿ. ಮತ್ತೆ 25 ಆದರೆ ಮತ್ತೆ ಹಾಗೇ. ಚಿಕ್ಕ ಗಾಡಿಯಿಂದ ಬಂದವರಿಗೆ ಪೆಡಲ್ ಪಂಪ್ ಮಾಡುವ ಅಭ್ಯಾಸ ಇರುತ್ತದೆ. ಇಲ್ಲಿ ಪಂಪ್ ಮಾಡಿದಷ್ಟೂ ಗಾಳಿ ಖರ್ಚು, ಅಷ್ಟೇ. ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕುವವರ ಜೊತೆ ನನಗೆ ಮಾತೇ ಬೇಡ. ಎಂಜಿನ್ ಹಿಡಿತ ಹೋಗಿ ಎಲ್ಲ ಭಾರ ಲೈನರ್ ಮೇಲೆ ಬೀಳುತ್ತದೆ, ಕಂಪ್ರೆಸರೂ ನಿಧಾನಕ್ಕೆ ತಿರುಗುತ್ತಿರುತ್ತದೆ.

ಸುಟ್ಟ ವಾಸನೆ, ಹೊಗೆ ಬಂತಾ? ಸಮತಟ್ಟಾದ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ, ಮರದ ತುಂಡು ಕೊಡಿ. ಗಾಲಿ ಗಟ್ಟಿಯಾಗಿ ನಿಂತಿದ್ದರೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಬಿಸಿ ಡ್ರಮ್ಮಿನ ಮೇಲೆ ಲೈನರ್ ಬಿಗಿದು ಕೂರುವುದು ಒಳ್ಳೆಯದಲ್ಲ. ನೀರು ಎರಚಬೇಡಿ, ಡ್ರಮ್ ಬಿರುಕು ಬಿಡುತ್ತದೆ. ತಾನಾಗೇ ಆರಲಿ. ಆರಿದ ಮೇಲೆ ರಾಡುಗಳನ್ನು ಮತ್ತೊಮ್ಮೆ ನೋಡಿ, ಆಮೇಲೆ ಹೊರಡಿ.