ಕಾವೇರಿ ನೀರಿನಲ್ಲಿ ಹವಳ

ರೀಫ್ ಟ್ಯಾಂಕ್, ಅಂದರೆ ಉಪ್ಪುನೀರಲ್ಲಿ ಹವಳ ಬೆಳೆಸುವ ಗಾಜಿನ ತೊಟ್ಟಿ ಇಡಬೇಕು ಅಂತ ನಮ್ಮ ಮನೆಗೆ ನೋಡಲು ಬರುವವರ ಹತ್ತಿರ ನಾನು ಮೊದಲು ಮಾತಾಡುವುದು ಕಾನೂನಿನ ಬಗ್ಗೆ. ಸ್ವಲ್ಪ ಬೋರು, ಗೊತ್ತು. ಆದರೆ ಟ್ಯಾಂಕಿನಲ್ಲಿ ಏನಿರಬೇಕು, ಏನಿರಬಾರದು ಅನ್ನೋದು ಅಲ್ಲೇ ತೀರ್ಮಾನ ಆಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಗೆ 2001ರಲ್ಲಿ ಕಲ್ಲಿನ ಗೂಡು ಕಟ್ಟುವ ಹವಳಗಳೆಲ್ಲ ಸೇರಿದವು. ಹುಲಿ ಇರುವ ಪಟ್ಟಿ ಅದು. ಕಪ್ಪು ಹವಳ, ಸೀ ಫ್ಯಾನ್, ಕಡಲ ಕುದುರೆ ಕೂಡ ಅದೇ ವರ್ಷ ಅಲ್ಲಿಗೆ ಸೇರಿದವು. ಕಡಲಿನಿಂದ ತಂದು 'ಲೈವ್ ರಾಕ್' ಅಂತ ಮಾರುವ ಕಲ್ಲು ಹೆಚ್ಚಾಗಿ ಹಳೆಯ ಹವಳದ ಗೂಡೇ. ಹಾಗಾಗಿ ಅದೂ ಬೇಡ. ವಿದೇಶದ ವಿಡಿಯೋಗಳಲ್ಲಿ ಕಾಣುವ ಬಣ್ಣಬಣ್ಣದ ಆಕ್ರೋಪೋರಾ ಅನ್ನುವ ಕಲ್ಲು ಹವಳ ನಮಗಲ್ಲ, ಅಷ್ಟೇ.

ಹಾಗಾದರೆ ಉಳಿಯೋದೇನು? ಬೇಕಾದಷ್ಟಿದೆ. ನನ್ನ ಟ್ಯಾಂಕಿನಲ್ಲಿರುವುದು ಕಲ್ಲಿನ ಗೂಡು ಕಟ್ಟದ ಮೆತ್ತನೆಯ ಹವಳಗಳು: ಮಶ್ರೂಮ್, ಜೋವಾ, ಝೀನಿಯಾ, ಒಂದು ದೊಡ್ಡ ಲೆದರ್. ಒಂದನ್ನೂ ಕಡಲಿನಿಂದ ಕಿತ್ತು ತಂದಿಲ್ಲ. ಎಲ್ಲವೂ ಮೈಸೂರು, ಮಂಡ್ಯ, ಬೆಂಗಳೂರಿನ ಗೆಳೆಯರ ಟ್ಯಾಂಕಿನಲ್ಲಿ ಬೆಳೆದು, ಅವರು ಕತ್ತರಿಸಿ ಕೊಟ್ಟ ತುಂಡುಗಳು. ಮೀನು ಅಂದರೆ ಎರಡು ಕ್ಲೌನ್, ಅವೂ ಹ್ಯಾಚರಿಯವು. ಕೊಚ್ಚಿಯಲ್ಲಿ ಮುಖ್ಯ ಕಚೇರಿ ಇರುವ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿ ವರ್ಷಗಳೇ ಆಗಿವೆ. ಹ್ಯಾಚರಿ ಮೀನಿನ ಅನುಕೂಲ ಏನೆಂದರೆ, ಬಂದ ದಿನವೇ ಕಾಳು ಆಹಾರ ತಿನ್ನುತ್ತದೆ. ಜೋಡಿ ಹುಡುಕುವ ಕಷ್ಟವೂ ಇಲ್ಲ. ಕ್ಲೌನ್‌ಗಳು ಹುಟ್ಟುವಾಗ ಎಲ್ಲವೂ ಗಂಡೇ. ಎರಡು ಚಿಕ್ಕ ಮೀನು ಒಟ್ಟಿಗೆ ಬಿಟ್ಟರೆ ಜೋರಿರುವುದು ದೊಡ್ಡದಾಗಿ ಹೆಣ್ಣಾಗುತ್ತದೆ. ನಮ್ಮನೆಯಲ್ಲಿ ಹೆಣ್ಣಿನದೇ ದರ್ಬಾರು. ಗಾಜು ಒರೆಸಲು ಕೈ ಹಾಕಿದರೆ ಬಂದು ಕಚ್ಚುತ್ತದೆ.

ಟ್ಯಾಂಕ್ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಕೆಳಗೆ ಸಂಪ್, ಅಂದರೆ ನೀರು ಶೋಧಿಸುವ ಇನ್ನೊಂದು ತೊಟ್ಟಿ. ಎಲ್ಲ ಸೇರಿ ಲೆಕ್ಕಕ್ಕೆ 200 ಲೀಟರ್ ನೀರು ಅಂತಿಟ್ಟುಕೊಂಡಿದ್ದೀನಿ. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿದರೆ 300 ಕೆ.ಜಿ. ಸುಲಭವಾಗಿ ದಾಟುತ್ತದೆ. ಮಹಡಿ ಮನೆಯವರು ತೊಲೆ ಹಾದುಹೋಗುವ ಗೋಡೆಗೆ ಒತ್ತಿ ಇಡಿ.

ಕಲ್ಲು ಮಾತ್ರ ನಾನೇ ಮಾಡಿದ್ದು. ಇದರ ಬಗ್ಗೆ ಜಾಸ್ತಿ ಜನ ಕೇಳುತ್ತಾರೆ, ಹಾಗಾಗಿ ವಿವರವಾಗಿ ಹೇಳ್ತೀನಿ. ಬಿಳಿ ಸಿಮೆಂಟ್ ಒಂದು ಪಾಲು, ಕಪ್ಪೆಚಿಪ್ಪಿನ ಚೂರು ಮೂರು ಪಾಲು, ದಪ್ಪ ಕಲ್ಲುಪ್ಪು ಒಂದೂವರೆ ಪಾಲು. ಚಿಪ್ಪಿನ ಚೂರು ಕೋಳಿ ಆಹಾರದ ಅಂಗಡಿಯಲ್ಲಿ ಮೂಟೆಗಟ್ಟಲೆ ಸಿಗುತ್ತದೆ, ಮೊಟ್ಟೆ ಕೋಳಿಗೆ ಸುಣ್ಣದ ಅಂಶಕ್ಕೆ ಹಾಕುತ್ತಾರೆ. ನೀರು ತೀರಾ ಕಡಿಮೆ, ಉಂಡೆ ಹಿಡಿದರೆ ನಿಲ್ಲಬೇಕು ಅಷ್ಟೇ. ಒದ್ದೆ ಮರಳಲ್ಲಿ ಗುಂಡಿ ತೋಡಿ ಅದರೊಳಗೆ ಸುರಿದೆ. ಕೆಲವು ಚಪ್ಪಟೆ, ಕೆಲವು ಕಮಾನು. ಗಟ್ಟಿಯಾದ ಮೇಲೆ ಟೆರೇಸಿನ ಡ್ರಮ್ಮಿನಲ್ಲಿ ನೆನೆಹಾಕಿದೆ. ಒಳಗಿನ ಉಪ್ಪು ಕರಗಿ ತೂತು ತೂತಾಗುತ್ತದೆ. ಆ ತೂತುಗಳೇ ಮುಖ್ಯ, ಮೀನಿನ ಗಲೀಜನ್ನು ಕರಗಿಸುವ ಬ್ಯಾಕ್ಟೀರಿಯಾ ಮನೆ ಮಾಡುವುದು ಅಲ್ಲಿ. ಆದರೆ ಸಿಮೆಂಟ್ ಸುಣ್ಣ ಬಿಡುತ್ತಲೇ ಇರುತ್ತದೆ, ನೀರಿನ ಪಿ.ಎಚ್. ಸಿಕ್ಕಾಪಟ್ಟೆ ಏರುತ್ತದೆ. ನೀರು ಬದಲಿಸುತ್ತಾ ಹೋಗಬೇಕು. ಬದಲಿಸದೆ ಎರಡು ದಿನ ಬಿಟ್ಟರೂ ಪಿ.ಎಚ್. 8.5 ದಾಟದಿದ್ದರೆ ಕಲ್ಲು ಸಿದ್ಧ. ಎರಡು ತಿಂಗಳು ಹಿಡಿಯುತ್ತದೆ. ಅವಸರ ಇರುವವರು ಈ ದಾರಿಗೆ ಬರಬೇಡಿ, ದುಡ್ಡು ಕೊಟ್ಟು ಸೆರಾಮಿಕ್ ಕಲ್ಲು ತನ್ನಿ. ಈಗ ನನ್ನ ಕಲ್ಲಿನ ಮೇಲೆಲ್ಲ ನೇರಳೆ ಪಾಚಿ ಹರಡಿಕೊಂಡಿದೆ. ಸಿಮೆಂಟ್ ಅಂತ ಹೇಳಿದರೂ ಯಾರೂ ನಂಬಲ್ಲ.

ಇನ್ನು ನೀರು. ನಮ್ಮ ನಲ್ಲಿಯಲ್ಲಿ ಬರುವ ಕಾವೇರಿ ಕುಡಿಯಲು ಚೆನ್ನ, ಹವಳಕ್ಕೆ ಆಗಲ್ಲ. ಕ್ಲೋರಿನ್ ಇರುತ್ತದೆ, ಜೊತೆಗೆ ಪಾಚಿಗೆ ಹಬ್ಬವಾಗುವಷ್ಟು ಫಾಸ್ಫೇಟ್, ಸಿಲಿಕೇಟ್ ಬರಬಹುದು. ಅಡುಗೆಮನೆಯ ಆರ್.ಓ. ಯಂತ್ರದ ನೀರು ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಆ ಯಂತ್ರಗಳಲ್ಲಿ ರುಚಿಗೆ ಅಂತ ಒಂದು ಟಿ.ಡಿ.ಎಸ್. ಕಂಟ್ರೋಲರ್ ಇರುತ್ತದೆ, ಶೋಧಿಸದ ನೀರನ್ನು ಸ್ವಲ್ಪ ಮತ್ತೆ ಬೆರೆಸುತ್ತದೆ. ಕೆಲವದರಲ್ಲಿ ಮಿನರಲ್ ಡಬ್ಬಿಯೂ ಇದೆ. ನಾನು ಬೇರೆಯೇ ಒಂದು ಆರ್.ಓ. ಜೋಡಿಸಿ, ಕೊನೆಗೆ ಉಳಿದ ಲವಣವನ್ನೂ ಹೀರುವ ಡಿ.ಐ. ರೆಸಿನ್ ಹಾಕಿದ್ದೀನಿ. ಟಿ.ಡಿ.ಎಸ್. (ಕರಗಿದ ಲವಣ) ಮೀಟರ್ ಸೊನ್ನೆ ತೋರಿಸಬೇಕು. ಹೊರಹೋಗುವ ನೀರು ಪಾತ್ರೆ, ಬಾತ್‌ರೂಮ್, ಸ್ಕೂಟರ್ ತೊಳೆಯೋಕೆ. ಇದಕ್ಕೊಂದು ಡ್ರಮ್ ಇಟ್ಟ ಮೇಲೆಯೇ ಮನೆಯಲ್ಲಿ ಟ್ಯಾಂಕಿಗೆ ಒಪ್ಪಿಗೆ ಸಿಕ್ಕಿದ್ದು.

ಈ ನೀರಿಗೆ ಲೀಟರಿಗೆ 35 ಗ್ರಾಂ ರೀಫ್ ಸಾಲ್ಟ್, ಅಂದರೆ ಹವಳದ ಟ್ಯಾಂಕಿಗೆಂದೇ ಮಾಡಿದ ಉಪ್ಪು. ಅಡುಗೆ ಉಪ್ಪು ನಡೆಯಲ್ಲ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಇರಲ್ಲ. ವಾರಕ್ಕೆ 20 ಲೀಟರ್ ಬದಲಿಸುತ್ತೀನಿ, ಅಂದರೆ 700 ಗ್ರಾಂ ಉಪ್ಪು. ಹಿಂದಿನ ರಾತ್ರಿಯೇ ಬೆರೆಸಿ ಪಂಪ್ ಓಡಲು ಬಿಡುತ್ತೀನಿ. ಮೆತ್ತನೆ ಹವಳಕ್ಕೆ ಹೀಗೆ ನೀರು ಬದಲಿಸುವುದರಲ್ಲೇ ಎಲ್ಲ ಸಿಕ್ಕಿಬಿಡುತ್ತದೆ. ಸಾಲಾಗಿ ಖನಿಜದ ಬಾಟಲಿ ಕೊಳ್ಳುವ ಅಗತ್ಯವಿಲ್ಲ. ಆಲ್ಕಲಿನಿಟಿ (ನೀರಿನ ಕ್ಷಾರದ ಅಳತೆ, ಕೆ.ಎಚ್. ಡಿಗ್ರಿಯಲ್ಲಿ) 8ಕ್ಕಿಂತ ಇಳಿದರೆ ಅಡುಗೆ ಸೋಡಾ ಇದೆ. 200 ಲೀಟರಿಗೆ 6 ಗ್ರಾಂ ಸೋಡಾ ಹಾಕಿದರೆ ಒಂದು ಡಿಗ್ರಿ ಏರುತ್ತದೆ. ದಿನಕ್ಕೆ ಅದಕ್ಕಿಂತ ಜಾಸ್ತಿ ಏರಿಸಬೇಡಿ.

ಸೆಖೆಯ ವಿಷಯದಲ್ಲಿ ನಾವು ಮೈಸೂರಿನವರು ಪುಣ್ಯವಂತರು. ಟ್ಯಾಂಕ್ 25–27 ಡಿಗ್ರಿಯಲ್ಲಿರಬೇಕು. ಏಪ್ರಿಲ್‌ನಲ್ಲಿ ಹೊರಗೆ 35 ಇರುತ್ತದೆ, ನಿಜ. ಆದರೆ ಇಲ್ಲಿಯ ಗಾಳಿ ಆ ಹೊತ್ತಿಗೆ ಒಣಗಿರುತ್ತದೆ. ನೀರಿನ ಮೇಲ್ಮೈಗೆ ಒಂದು ಚಿಕ್ಕ ಫ್ಯಾನ್ ಬೀಸಿದರೆ ನೀರು ಆವಿಯಾಗಿ ಎರಡು-ಮೂರು ಡಿಗ್ರಿ ತಣ್ಣಗಾಗುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಈ ಉಪಾಯ ಅಷ್ಟು ಕೆಲಸ ಮಾಡಲ್ಲ, ಅಲ್ಲಿ ಚಿಲ್ಲರ್ ಬೇಕಾಗುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಮೂರು-ನಾಲ್ಕು ಲೀಟರ್ ನೀರು ಹಾಗೇ ಹಾರಿಹೋಗುತ್ತದೆ. ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ತುಂಬಬೇಕಾದದ್ದು ಸಪ್ಪೆ ಆರ್.ಓ. ನೀರನ್ನು. ಡಿಸೆಂಬರ್ ರಾತ್ರಿಗಳಿಗೆ ಹೀಟರ್ ಬೇಕೇ ಬೇಕು.

ಕರೆಂಟ್ ಹೋದಾಗ ಮೊದಲು ಉಳಿಸಬೇಕಾದದ್ದು ನೀರಿನ ಅಲುಗಾಟ. ಲೈಟೂ ಬೇಡ, ನೊರೆಯಲ್ಲಿ ಕೊಳೆ ತೆಗೆಯುವ ಸ್ಕಿಮ್ಮರೂ ಬೇಡ. ಉಪ್ಪುನೀರು ಸಿಹಿನೀರಿಗಿಂತ ಐದನೇ ಒಂದು ಭಾಗದಷ್ಟು ಕಡಿಮೆ ಆಮ್ಲಜನಕ ಹಿಡಿಯುತ್ತದೆ, ಬಿಸಿಯಾದಷ್ಟೂ ಇನ್ನೂ ಕಡಿಮೆ. ನೀರು ಅಲುಗಿಸುವ ಪಂಪ್, ಅಂದರೆ ವೇವ್‌ಮೇಕರ್ ಒಂದನ್ನೇ ಇನ್ವರ್ಟರಿಗೆ ಕೊಟ್ಟಿದ್ದೀನಿ. ಅದೂ ಕೈಕೊಟ್ಟರೆ ಅಂತ ಬ್ಯಾಟರಿ ಏರ್ ಪಂಪ್ ಇದೆ.

ಇಷ್ಟೆಲ್ಲ ಇದ್ದರೂ ಟ್ಯಾಂಕ್ ಹೋಗಬಹುದು. ಮಂಡ್ಯದ ಗೆಳೆಯರೊಬ್ಬರಿಗೆ ಹಾಗೇ ಆಯಿತು. ಬೆಲ್ಲದ ವ್ಯಾಪಾರ ಅವರದು, ಊರಲ್ಲಿ ಅವರಷ್ಟು ಚೆನ್ನಾಗಿ ಝೀನಿಯಾ ಬೆಳೆದವರಿಲ್ಲ. ಮನೆಮಂದಿಯೆಲ್ಲ ಮದುವೆಗೆ ಹೋಗಿದ್ದಾಗ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ದಿನ ಕರೆಂಟ್ ಇರಲಿಲ್ಲ. ಬಂದು ನೋಡಿ ನನಗೆ ಫೋನ್ ಮಾಡಿದರು. "ಸಾ, ಪೂರ್ತಿ ಹೋಯ್ತು ಸಾ. ನಾನ್ ಕೊಟ್ಟಿದ್ರಲ್ಲಿ ಒಂದ್ ತುಂಡಾರೂ ಮಡಗಿದ್ದೀರಾ?" ಇಟ್ಟಿದ್ದೆ. ನನ್ನ ಟ್ಯಾಂಕಿನಲ್ಲಿ ಕಾಡಿನಂತೆ ಹಬ್ಬಿದ್ದ ಝೀನಿಯಾ ಅವರದೇ ತುಂಡಿನಿಂದ ಬಂದದ್ದು. ಮೊಸರಿನ ಹೆಪ್ಪು ನಮ್ಮ ಮನೆಯಲ್ಲಿ ಕೆಟ್ಟರೆ ಪಕ್ಕದ ಮನೆಯಿಂದ ತರುತ್ತೇವಲ್ಲ, ಹಾಗೆ. ನಮ್ಮ ಬಳಗದಲ್ಲಿ ಯಾರ ಹತ್ತಿರ ಹೊಸ ಬಣ್ಣದ ಜೋವಾ ಬಂದರೂ ಮೊದಲ ಕೆಲಸ ಅದನ್ನು ಬೆಳೆಸಿ ಬೇರೆ ಇಬ್ಬರ ಮನೆಗೆ ಕಳಿಸುವುದು. ಇದರಲ್ಲಿ ಧಾರಾಳತನ ಅಂತೇನಿಲ್ಲ. ನಮ್ಮ ಹವಳವನ್ನು ಮೂರು ಕಡೆ ಇಟ್ಟಂತೆ, ಅಷ್ಟೇ.

ಕತ್ತರಿಸುವುದು ಕಷ್ಟವಲ್ಲ. ಮಶ್ರೂಮನ್ನು ಬಾಯಿ ಎರಡು ಪಾಲಾಗುವಂತೆ ಹೊಸ ಬ್ಲೇಡಿನಿಂದ ಸೀಳಬೇಕು. ಅದು ಅಂಟಿಗೆ ನಿಲ್ಲಲ್ಲ, ಲೋಳೆ ಬಿಟ್ಟು ಜಾರುತ್ತದೆ. ಚಿಪ್ಪಿನ ಚೂರು ತುಂಬಿದ ಡಬ್ಬಿಯೊಳಗೆ ಬಿಟ್ಟು, ಮೇಲೆ ಸೊಳ್ಳೆ ಪರದೆಯ ತುಂಡು ಕಟ್ಟಿ, ನೀರಿನ ಸೆಳೆತ ಕಡಿಮೆ ಇರುವ ಮೂಲೆಯಲ್ಲಿಡುತ್ತೀನಿ. ಎರಡು-ಮೂರು ವಾರದಲ್ಲಿ ತಾನೇ ಹಿಡಿದುಕೊಳ್ಳುತ್ತದೆ. ಝೀನಿಯಾ ಇನ್ನೂ ಸುಲಭ. ಪಕ್ಕದಲ್ಲಿ ಒಂದು ಕಲ್ಲಿಟ್ಟರೆ ತಾನೇ ಹತ್ತುತ್ತದೆ, ಆಮೇಲೆ ಬುಡ ಕತ್ತರಿಸಿದರಾಯಿತು. ಲೆದರ್ ಕತ್ತರಿಸಿದ ದಿನ ಮನೆಯೆಲ್ಲ ವಾಸನೆ. ಅದು ನೀರಿಗೆ ವಿಷವನ್ನೂ ಬಿಡುತ್ತದೆ, ಹಾಗಾಗಿ ಸಂಪಿನಲ್ಲಿ ಅದನ್ನು ಹೀರುವ ಕಾರ್ಬನ್ (ಇದ್ದಿಲು) ಇರಲಿ.

ಜೋವಾ ವಿಷಯದಲ್ಲಿ ಮಾತ್ರ ನಾನು ಜೋರು ಮಾಡಿ ಹೇಳುತ್ತೀನಿ. ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಅನ್ನುವ ಭಯಂಕರ ವಿಷ ಇರುತ್ತದೆ. ಯಾವುದರಲ್ಲಿ ಇದೆ, ಯಾವುದರಲ್ಲಿ ಇಲ್ಲ ಅಂತ ಕಣ್ಣಲ್ಲಿ ಹೇಳೋಕಾಗಲ್ಲ. ಗ್ಲೌಸ್, ಕನ್ನಡಕ ಇಲ್ಲದೆ ಬ್ಲೇಡ್ ಮುಟ್ಟಬೇಡಿ. ಜೋವಾ ಇರುವ ಕಲ್ಲಿಗೆ ಬಿಸಿನೀರು ಹಾಕಬೇಡಿ, ಬೇಯಿಸಬೇಡಿ, ಹೊರಗಿಟ್ಟು ಬ್ರಷ್‌ನಿಂದ ಉಜ್ಜಬೇಡಿ. ಹಾಗೆ ಮಾಡಿದಾಗ ಎದ್ದ ಹಬೆ, ಹನಿ ಉಸಿರಿನಲ್ಲಿ ಹೋಗಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ಆಗಿವೆ. ಮಕ್ಕಳು, ನಾಯಿ, ಬೆಕ್ಕು ಹತ್ತಿರ ಬರದ ಜಾಗದಲ್ಲಿ ಕೆಲಸ ಮಾಡಿ.

ತುಂಡು ತೆಗೆದುಕೊಳ್ಳುವವರಿಗೂ ಕೆಲಸ ಇದೆ. ರಾತ್ರಿ ಟಾರ್ಚ್ ಹಾಕಿ ನೋಡಿ. ಕಂದು ಬಣ್ಣದ, ಪಾರದರ್ಶಕ ಪುಟ್ಟ ಹೂವಿನಂಥದ್ದು ಕಂಡರೆ ಅದು ಐಪ್ಟೇಸಿಯಾ, ಹವಳಕ್ಕೆ ಕಾಟ ಕೊಡುವ ಒಂದು ಕಡಲ ಪ್ರಾಣಿ. ಅದನ್ನು ಕೀಳಬೇಡಿ, ಉಳಿದ ಚೂರೆಲ್ಲ ಹೊಸ ಐಪ್ಟೇಸಿಯಾ ಆಗುತ್ತದೆ. ಸುಣ್ಣವನ್ನು ಗಟ್ಟಿಯಾಗಿ ಕಲಸಿ ಸಿರಿಂಜಿನಿಂದ ಅದರ ಬಾಯಿಗೇ ಹಾಕಿದರೆ ಸಾಯುತ್ತದೆ. ಮೈಸೂರಲ್ಲವೇ, ಎಲೆಅಡಿಕೆ ಸುಣ್ಣ ಆಗುತ್ತಾ ಅಂತ ಒಬ್ಬರಾದರೂ ಕೇಳುತ್ತಾರೆ. ಅದರಲ್ಲಿ ಇನ್ನೇನು ಬೆರೆಸಿರುತ್ತಾರೋ, ಲ್ಯಾಬಿಗೆ ಮಾರುವ ಶುದ್ಧ ಸುಣ್ಣವೇ ವಾಸಿ. ಮೀನಿಗೆ ಬರುವ ಬಿಳಿಚುಕ್ಕೆ ರೋಗದ ಗೂಡು ಕೂಡ ಹವಳದ ಕಲ್ಲಿಗೆ ಅಂಟಿ ಬರಬಹುದು. ಹುಷಾರಿನವರು ಹೊಸ ತುಂಡನ್ನು ಮೀನಿಲ್ಲದ ಬೇರೆ ತೊಟ್ಟಿಯಲ್ಲಿ 76 ದಿನ ಇಡುತ್ತಾರೆ. ನಾನೂ ಅದಕ್ಕೆ ಒಂದು ಚಿಕ್ಕ ತೊಟ್ಟಿ ಇಟ್ಟುಕೊಂಡಿದ್ದೀನಿ.

ಸಾಗಿಸುವುದಕ್ಕೆ ಊಟದ ಪ್ಲಾಸ್ಟಿಕ್ ಡಬ್ಬಿ ಸಾಕು. ಮೂರನೇ ಒಂದು ಭಾಗ ಟ್ಯಾಂಕಿನ ನೀರು, ಉಳಿದದ್ದು ಗಾಳಿ. ಬೇಸಿಗೆಯಾದರೆ ಥರ್ಮೋಕೋಲ್ ಪೆಟ್ಟಿಗೆಯೊಳಗೆ. ಮಂಡ್ಯಕ್ಕೆ ನಾನು ಝೀನಿಯಾ ಒಯ್ದದ್ದು ಬೆಳಗಿನ ರೈಲಿನಲ್ಲಿ, ತೊಡೆಯ ಮೇಲಿಟ್ಟುಕೊಂಡು. ಎದುರಿಗೆ ಕೂತಿದ್ದ ಅಜ್ಜಿ "ಏನಪ್ಪಾ ಅದು, ಉಪ್ಪಿನಕಾಯಾ?" ಅಂದರು. ಮುಚ್ಚಳ ತೆಗೆದು ತೋರಿಸಿದೆ. ಮುದುಡಿಕೊಂಡಿತ್ತು, ನೋಡಲು ಏನೂ ಚೆಂದ ಇರಲಿಲ್ಲ. ಅಜ್ಜಿಗೆ ಹಿಡಿಸಲಿಲ್ಲ.

ದುಡ್ಡು ತೆಗೆದುಕೊಳ್ಳುವ ಪದ್ಧತಿ ನಮ್ಮ ಬಳಗದಲ್ಲಿಲ್ಲ. ಯಾರಿಗೆ ಏನು ಕೊಟ್ಟೆ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೀನಿ, ನಾಳೆ ವಾಪಸ್ ಕೇಳಬೇಕಲ್ಲ. ಟ್ಯಾಂಕ್ ತುಂಬಿ ಎರಡು ತಿಂಗಳಾದರೂ ಆಗಿರಬೇಕು, ಅಮೋನಿಯಾ, ನೈಟ್ರೈಟ್ ಸೊನ್ನೆ ಇರಬೇಕು, ಅಷ್ಟನ್ನು ತೋರಿಸಿದವರಿಗೆ ಮಾತ್ರ ಕೊಡುತ್ತೀನಿ. ಮೊದಲು ಮಶ್ರೂಮ್, ಅದು ಬದುಕಿದರೆ ಜೋವಾ. ಲೆದರ್ ಈಗ ತಾನೇ ಕತ್ತರಿಸಿ ಆಗಿದೆ, ಅದು ಬೇಕು ಅನ್ನುವವರು ದಸರಾ ಕಳೆಯಲಿ. ಡಬ್ಬಿ ನೀವೇ ತನ್ನಿ, ನಮ್ಮನೆಯಲ್ಲಿ ಮುಚ್ಚಳ ಇರುವ ಡಬ್ಬಿ ಒಂದೂ ಉಳಿದಿಲ್ಲ.